ಗೃಹಪ್ರವೇಶದ ಕ್ಲಿಪ್ಪಿನಲ್ಲಿ ಚೆನ್ನಮ್ಮ

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನನ್ನದೊಂದು ಸಣ್ಣ ವಿಡಿಯೋ ಎಡಿಟಿಂಗ್ ಅಂಗಡಿ ಇದೆ. ಹೋದ ಆಷಾಢದ ಒಂದು ಮಧ್ಯಾಹ್ನ ಬೆಳ್ಳಾವಿಯ ರೂಪಶ್ರೀ ಎಂಬುವರು ಪೆನ್‌ಡ್ರೈವ್ ತಂದರು. ಅದರಲ್ಲಿ ಅವರ ಮನೆಯ ಗೃಹಪ್ರವೇಶದ ಮೂರು ಗಂಟೆಯ ಕ್ಲಿಪ್ ಇತ್ತು.

"ಅಮ್ಮ ತೀರ್ಕೊಂಡಾಗ ನಾನು ಹತ್ರ ಇರ್ಲಿಲ್ಲ ಅಣ್ಣ. ಇದ್ರಲ್ಲಿ ಅವ್ರು ಇರೋದಷ್ಟನ್ನೇ ಕಟ್ ಮಾಡಿ ಕೊಡಿ," ಎಂದು ಬೆಂಚಿನ ಮೇಲೆ ಕೂತರು.

ಕ್ಲಿಪ್ಪಿನಲ್ಲಿ ಅವರ ತಾಯಿ ಚೆನ್ನಮ್ಮ ಹಸಿರು ಸೀರೆಯುಟ್ಟು ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದರು. ಬೇಗ ಮುಗಿಸೋಣವೆಂದು ಕ್ಲಿಪ್ಪನ್ನು ಎಂಟು ಪಟ್ಟು ವೇಗದಲ್ಲಿ ಓಡಿಸಿದೆ. ನೆಂಟರೆಲ್ಲ ಸರಸರ ಓಡಾಡಿದರು. ಚೆನ್ನಮ್ಮ ಮಾತ್ರ ಮಾಮೂಲಿ ವೇಗದಲ್ಲೇ, ನಿಧಾನವಾಗಿ ಸೆರಗು ಸರಿಮಾಡಿಕೊಂಡರು. ಹಿಂದಕ್ಕೆ ಓಡಿಸಿದೆ. ಎಲ್ಲರೂ ಹಿಮ್ಮುಖವಾಗಿ ನಡೆದರು. ಅವರು ಮಾತ್ರ ತಟ್ಟೆಯಿಂದ ವೀಳ್ಯದೆಲೆ ತೆಗೆದು, ಸುಣ್ಣ ಹಚ್ಚಿ, ಮಡಿಚಿ ಬಾಯಿಗಿಟ್ಟುಕೊಂಡರು.

"ನಿಲ್ಸಿ, ಅಮ್ಮ ಏನೋ ಹೇಳ್ತವ್ರೆ," ಎಂದು ರೂಪಶ್ರೀ ಎದ್ದು ಬಂದರು.

ನಿಲ್ಲಿಸಿದೆ. ಪರದೆಯಲ್ಲಿ ದೀಪದ ಕುಡಿ ಕೂಡ ಕದಲದೆ ನಿಂತಿತು. ಚೆನ್ನಮ್ಮನ ತುಟಿ ಮಾತ್ರ ಆಡುತ್ತಲೇ ಇತ್ತು. ದನಿ ಇರಲಿಲ್ಲ.

ರೂಪಶ್ರೀ ಹೆದರಲಿಲ್ಲ. ಪರದೆಯ ಹತ್ತಿರ ಮುಖ ತಂದು, "ಹೂಂ ಅಮ್ಮ, ಹೂಂ," ಎನ್ನುತ್ತ ಕೂತರು. ನಾನು ಅರ್ಧ ಗಂಟೆ ಅಂಗಡಿಯ ಹೊರಗೆ ನಿಂತಿದ್ದೆ. ಆಮೇಲೆ ಅವರು ಕಣ್ಣೊರೆಸಿಕೊಂಡು ಬಂದು, "ಕಟ್ ಮಾಡೋದು ಬ್ಯಾಡ ಬುಡಿ ಅಣ್ಣ, ಆಯ್ತು," ಎಂದು ಹೊರಟುಬಿಟ್ಟರು.

ಒಳಗೆ ಹೋಗಿ ನೋಡಿದೆ. ಪರದೆಯ ಮೇಲಿನ ಆ ಕುರ್ಚಿ ಖಾಲಿಯಾಗಿತ್ತು. ಕ್ಲಿಪ್ಪನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ನೋಡಿದೆ. ಮೂರು ಗಂಟೆಯಲ್ಲಿ ಎಲ್ಲಿಯೂ ಚೆನ್ನಮ್ಮ ಇರಲಿಲ್ಲ.