ಸ್ವಿಚ್ ಇದ್ದ ಮಂಗಳ

"ಪಪ್ಪಾ, ದೇಖೋ! ಮಂಗಳ ಗ್ರಹ! ನಾನೇ ತೆಗೆದ ಫೋಟೋ!"

ಕೆಲಸದಿಂದ ಬಂದ ಯಲ್ಲಾಲಿಂಗ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಐದನೇ ಕ್ಲಾಸಿನ ಮಹಾವಿಜ್ಞಾನಿ ಅನುರಾಧಾ ಅಪ್ಪನ ಮೂಗಿಗೇ ಮೊಬೈಲ್ ಹಿಡಿದಳು. ಅದರ ತುಂಬ ಕೆಂಪಗೆ, ಪೂರಿಯಂತೆ ಉಬ್ಬಿದ ಮಂಗಳ.

ನಾಳೆ ಶಾಲೆಯಲ್ಲಿ ಸೈನ್ಸ್ ಎಕ್ಸಿಬಿಷನ್. ಅದಕ್ಕೆಂದು ಅದೇ ಕ್ಲಾಸಿನ ಲಾವಣ್ಯಾ ತಂದಿದ್ದ ಫೋಟೋದಲ್ಲಿ ಮಂಗಳ ಸಾಸಿವೆ ಕಾಳಿನಷ್ಟಿತ್ತು. "ಇದೇನು, ಸೊಳ್ಳೆಯಾ?" ಎಂದು ಇಡೀ ಕ್ಲಾಸನ್ನು ನಗಿಸಿದವಳು ನಮ್ಮ ಅನುರಾಧಾ. ಈಗ ಅವಳು ದೊಡ್ಡದನ್ನು ತರದಿದ್ದರೆ ಮಾನ ಉಳಿಯುತ್ತದೆಯೇ?

ಟೆಲಿಸ್ಕೋಪು ಪಕ್ಕದ ಮನೆಯ ವಾರಿಜಾ ಆಂಟಿಯದು. ಅದನ್ನು ಟೆರೇಸಿನಲ್ಲಿ ಇಟ್ಟುಕೊಟ್ಟು, "ಮಂಗಳ ನಿಲ್ಲುದಿಲ್ಲ ಮಾರಾಯ್ತಿ, ಜಾರಿ ಹೋಗ್ತದೆ. ತಿರುಗಿಸ್ತಾ ಇರಬೇಕು" ಎಂದಿದ್ದರು. ಅನುರಾಧಾಳ ಮಂಗಳ ಮಾತ್ರ ಅರ್ಧ ಗಂಟೆ ಅಲ್ಲಾಡದೆ ಪೋಸ್ ಕೊಟ್ಟಿತ್ತು. ಎಂಥ ಸಭ್ಯ ಗ್ರಹ!

"ಎಲ್ಲಿ ಕಂಡಿತವ್ವಾ ಇದು?"

"ಮುಂದಿನ ಗಲ್ಲಿಯ ಹೊಸ ಬಿಲ್ಡಿಂಗ್ ಮೇಲೆ."

"ಅದು ನಮ್ಮ ಕ್ರೇನಿನ ಲೈಟ್ ಅದ. ಮುಂಜಾನಿ ನಾನೇ ಮ್ಯಾಲ ಕೂಡಿಸೀನಿ."

"ಝೂಟ್!"

ಇಬ್ಬರೂ ಟೆರೇಸಿಗೆ ಹೋದರು. ಯಲ್ಲಾಲಿಂಗ ಸೈಟಿನ ವಾಚ್‌ಮನ್‌ಗೆ ಫೋನ್ ಹಚ್ಚಿದ. "ಪರಪ್ಪಾ, ಕ್ರೇನಿನ ಲೈಟ್ ಒಮ್ಮಿ ಬಂದ್ ಮಾಡಿ ಹಚ್ಚು."

ಟೆಲಿಸ್ಕೋಪಿನಲ್ಲಿ ಮಂಗಳ ಆರಿತು. ಮತ್ತೆ ಹತ್ತಿತು. ಇಂಥ ಸೌಕರ್ಯ ಯಾವ ವಿಜ್ಞಾನಿಗೂ ಸಿಕ್ಕಿರಲಿಕ್ಕಿಲ್ಲ! ಅನುರಾಧಾಳಿಗೆ ಅಳು ಬಂತು.

ವಾರಿಜಾ ಆಂಟಿ ಬಂದು ನೋಡಿದರು. "ಫೋಕಸ್ ಸರಿ ಇಲ್ಲ. ಅದಕ್ಕೇ ಲೈಟು ಉಬ್ಬಿದೆ" ಎಂದು ನಕ್ಕು, ಟೆಲಿಸ್ಕೋಪನ್ನು ಇನ್ನೂ ಮೇಲಕ್ಕೆ ತಿರುಗಿಸಿದರು. ಅಲ್ಲಿತ್ತು ನಿಜವಾದ ಮಂಗಳ. ಪುಟ್ಟದು, ನಡುಗುವುದು, ಹಿಡಿಯುವಷ್ಟರಲ್ಲಿ ಜಾರುವುದು. ನಲವತ್ತು ಫೋಟೋಗಳಲ್ಲಿ ಒಂದು ಸರಿಯಾಗಿ ಬಂತು. ಅದೂ ಸಾಸಿವೆ ಕಾಳು.

"ದೊಡ್ಡದೇ ಒಯ್ಯವ್ವಾ. ಯಾರಿಗಿ ತಿಳಿತದ?" ಎಂದ ಯಲ್ಲಾಲಿಂಗ. ಮಗಳ ಸಪ್ಪೆ ಮುಖ ಅವನಿಗೆ ನೋಡಲಾಗಲಿಲ್ಲ.

ಯಾರಿಗೂ ತಿಳಿಯುವುದಿಲ್ಲ, ನಿಜ. ಅನುರಾಧಾ ತುಂಬ ಹೊತ್ತು ಯೋಚಿಸಿದಳು. ಕೊನೆಗೆ ಎರಡೂ ಫೋಟೋಗಳ ಪ್ರಿಂಟ್ ತೆಗೆಸಿ, ದೊಡ್ಡದನ್ನು ಅಪ್ಪನ ಹೆಲ್ಮೆಟ್ ತೂಗುಹಾಕುವ ಮೊಳೆಯ ಪಕ್ಕ ಅಂಟಿಸಿ, ಕೆಳಗೆ "ಪಪ್ಪನ ಲೈಟ್" ಎಂದು ಬರೆದಳು.

ಮರುದಿನ ಚಾರ್ಟಿನ ಮೇಲೆ ಸಾಸಿವೆ ಕಾಳು ಕೂತಿತ್ತು. ಲಾವಣ್ಯಾ ಬಗ್ಗಿ ನೋಡಿದಳು.

"ಇದೇನು, ಸೊಳ್ಳೆಯಾ?"

ಅನುರಾಧಾಳ ಕಿವಿ ಬಿಸಿಯಾಯಿತು. "ನಿಂದು ಎಷ್ಟು ದಿನಕ್ಕೆ ಸಿಕ್ತು?"

ಲಾವಣ್ಯಾ ಕೈಯಲ್ಲಿದ್ದ ತನ್ನ ಚಾರ್ಟನ್ನು ಎದೆಗೆ ಅವಚಿಕೊಂಡಳು. "ನಾಲ್ಕು ದಿನ."

ಅನುರಾಧಾ ತನ್ನ ಚಾರ್ಟನ್ನು ಪಕ್ಕಕ್ಕೆ ಸರಿಸಿ, ಟೇಬಲ್ಲಿನ ಮೇಲೆ ಇನ್ನೊಂದು ಚಾರ್ಟಿಗೆ ಜಾಗ ಮಾಡಿದಳು.