ಎಡಕ್ಕೆ ಹೊರಳಿದ ಧಾರೆ

ಎಪ್ಪತ್ತೈದರ ಬೇಸಿಗೆಯಲ್ಲಿ ಬೇಟೆಗಾರ ಸೋಮನಿಂಗ ನಾಲತವಾಡದ ನನ್ನ ಕುಲುಮೆಗೆ ಒಂದು ಬಡಿಗೆ ತಂದ.

“ಕಂಬಾರ ಕಾಕಾ, ಚಾಕೂಕ ಇದರದ ಹಿಡಿಕಿ ಹಾಕು. ಎಡಗೈಲೆ ರೊಟ್ಟಿ ನೀಡ್ತಾಳಂತ ನನ್ನ ಹೇಣ್ತಿ ಕೈ ಮುರದಿದ್ದು ಇದರಲೇನ.”

ಆ ಹೆಣ್ಣು ಮುರಿದ ಕೈ ನಂಜೇರಿ ಜ್ವರದಲ್ಲೇ ಸತ್ತಿದ್ದಳು. ಇವನು ನಗುತ್ತಿದ್ದ.

ತೊಗಲು ಸುಲಿಯುವ ಚಾಕುವಿಗೆ ಒಂದೇ ಮಗ್ಗುಲಲ್ಲಿ ಧಾರೆ ಕೊಡುತ್ತೇವೆ. ಅವನು ಬಲಗೈಯವನು, ಬಲ ಮಗ್ಗುಲನ್ನೇ ಮಸೆದಿಟ್ಟೆ. ಬೆಳಗ್ಗೆ ನೋಡಿದರೆ ಧಾರೆ ಎಡಕ್ಕಿತ್ತು. ಮತ್ತೆ ಮಸೆದೆ; ಮತ್ತೆ ಎಡಕ್ಕೇ. ಹಿಡಿಕೆ ಜ್ವರ ಬಂದ ಮೈಯಂತೆ ಬೆಚ್ಚಗಿತ್ತು.

“ಒಯ್ಯಬ್ಯಾಡೋ” ಅಂದೆ. ಕಸಿದುಕೊಂಡು ಹೋದ.

ಕೆಲ ದಿನ ಬಿಟ್ಟು ಅವನ ಮನೆಗೆ ಹೋದೆ. ಅವನ ಬಲಗೈ ತೊಗಲು ಮೊಣಕೈವರೆಗೆ ನೀಟಾಗಿ ಸುಲಿದಿತ್ತು. ಒಬ್ಬನೇ ಕೂತು ಎಡಗೈಯಲ್ಲಿ ಉಣ್ಣುತ್ತಿದ್ದ.

“ಯಾರೋ ಸುಲದವ್ರು?”

ಒಲೆಯಲ್ಲಿ ಬೂದಿ ತಣ್ಣಗಿತ್ತು. ಅವನ ತಾಟಿನ ರೊಟ್ಟಿಯಿಂದ ಹಬೆ ಏಳುತ್ತಿತ್ತು.