ಗುರುಸಿದ್ದವ್ವನ ಕೊನೆಯ ಫೋಟೋ

ಸತ್ತೆವ್ವ ಗೋದುಬಾಯಿಯವರ ಮನೆಯ ಮೆಟ್ಟಿಲವರೆಗೆ ಬಂದಳು. ಒಳಗೆ ಬರಲು ಒಪ್ಪಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತೇ ಮಾತನಾಡಿದಳು.

"ಬಾಯಾರ, ನನ್ನ ಗಂಡ ಕಳ್ಳ ಅಲ್ಲ. ನಾಳೆ ಮುಂಜಾನೆ ತನಕ ಕ್ಯಾಮರಾ ಸಿಗಲಿಲ್ಲಂದ್ರ ಪೋಲೀಸ್ರಿಗೆ ಕೊಡ್ತೇನಿ ಅಂತ ಸೋಮಪ್ಪ ಹೇಳಿ ಹೋಗ್ಯಾನ. ಒಮ್ಮೆ ಠಾಣೆ ಮೆಟ್ಟಿಲ ಹತ್ತಿದ್ರ ಈ ಓಣ್ಯಾಗ ನಾವು ತಲಿ ಎತ್ತಿ ಬಾಳೂದು ಮುಗೀತು."

"ಮನೀ ಹುಡುಕಿದ್ರೇನು?"

"ಹುಡುಕಿದ್ರು ರೀ. ಹಿಟ್ಟಿನ ಡಬ್ಬಿ, ಖಾರದ ಡಬ್ಬಿ, ಮಗಳ ಹಾಸಿಗಿ, ಒಂದೂ ಬಿಡಲಿಲ್ಲ. ಓಣಿ ಮಂದಿ ನಿಂತು ನೋಡಿದ್ರು. ಸತ್ತ ಗುರುಸಿದ್ದವ್ವಗ ಕಡೀ ಜಳಕದ ನೀರು ಹಾಕಿದಾಕಿ ನಾನು. ಆಕಿ ಮಗಾ ಬಂದು ನಮ್ಮ ಡಬ್ಬಿ ಬಗ್ಗಿಸಿ ನೋಡಿದ."

ಇದು ಎರಡು ಸಾವಿರದ ನಾಲ್ಕನೆಯ ಇಸವಿಯ ಮಾತು. ಗೋದುಬಾಯಿಯವರು ದಾಂಡೇಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾಗಿ ಅಂಬೇವಾಡಿಯಲ್ಲಿ ನೆಲೆಸಿದ್ದರು. ಪರರ ಮಾತಿನ ನಡುವೆ ಬಾಯಿ ಹಾಕದೆ ಕೇಳುವುದು ಅವರಿಗೆ ಉದ್ಯೋಗದಿಂದ ಬಂದ ಅಭ್ಯಾಸ. ಆ ಅಭ್ಯಾಸದ ಬಲದಿಂದಲೇ ಅವರು ಊರಿನ ಎಷ್ಟೋ ಗಂಟುಗಳನ್ನು ಬಿಡಿಸಿದ್ದರು. ನಾನು ಪಕ್ಕದ ಮನೆಯವನು, ಗಣಿತ ಕಲಿಸಿ ನಿವೃತ್ತನಾದ ಮಾಸ್ತರ. ಅವರ ಜೊತೆ ಹೋಗುವುದು, ನೋಡುವುದು, ನೆನಪಿಟ್ಟುಕೊಳ್ಳುವುದು ನನ್ನ ಕೆಲಸವಾಗಿತ್ತು.

ನಡೆದದ್ದು ಇಷ್ಟು. ಕಾಗದದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಸೋಮಪ್ಪನ ತಾಯಿ ಗುರುಸಿದ್ದವ್ವ ಸೋಮವಾರ ಮುಂಜಾನೆ ತೀರಿಕೊಂಡಳು. ಅವರ ಪದ್ಧತಿಯಂತೆ ಶವವನ್ನು ಕೂರಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಮನೆಯವರೆಲ್ಲ ಸುತ್ತ ಕುಳಿತು ಫೋಟೋ ತೆಗೆಸಿದರು. ತೆಗೆದವನು ಪೇಟೆಯ ಸ್ಟುಡಿಯೋದ ಮಹಾಬಳೇಶ್ವರ. ಮುದುಕಿಯದು ಬೇರೆ ಒಂದು ಫೋಟೋವೂ ಇರಲಿಲ್ಲ. ಮಗಳು ಶಿವವ್ವ ಮುಂಡಗೋಡ ಕಡೆಯ ಇಂದೂರಿನಿಂದ ಬಸ್ಸು ಬದಲಿಸಿ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ತಾಯಿಯ ಮುಖವನ್ನು ಆಕೆ ಇನ್ನು ಫೋಟೋದಲ್ಲಿಯೇ ನೋಡಬೇಕಾಗಿತ್ತು. ಮಂಗಳವಾರ ಸ್ಟುಡಿಯೋದ ಹಿಂದಿನ ಕಿಟಕಿ ಮುರಿದಿತ್ತು; ಕ್ಯಾಮರಾ ಇರಲಿಲ್ಲ.

ಸಂಶಯ ಸತ್ತೆವ್ವನ ಗಂಡ ಮಲಕಪ್ಪನ ಮೇಲೆ ಬಿತ್ತು. ಅವನು ಆ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದವನು. ಹಿಂದಿನ ವರ್ಷ ಮಹಾಬಳೇಶ್ವರ ರೀಲು ಬಿಟ್ಟು ಡಿಜಿಟಲ್ ಕ್ಯಾಮರಾ ಕೊಂಡ. ಅದರ ಉಗುರಗಲದ ಕಾರ್ಡನ್ನು ಪೇಟೆಯವರಿಗೆಲ್ಲ ತೋರಿಸಿ, "ಇನ್ನ ರೀಲ ಇಲ್ಲ, ತೊಳಿಯೂದಿಲ್ಲ. ಇದೊಂದ ಸಾಕು," ಎಂದು ಹೆಮ್ಮೆಪಟ್ಟ. ಮಲಕಪ್ಪನ ಕೆಲಸ ಅಂದೇ ಹೋಯಿತು.

ಬುಧವಾರ ನಾವು ಸ್ಟುಡಿಯೋಗೆ ಹೋದಾಗ ಸೋಮಪ್ಪ ಅಲ್ಲಿಯೇ ಕುಳಿತಿದ್ದ. ಕೂದಲು ಕೆದರಿತ್ತು, ಕಣ್ಣು ಕೆಂಪಾಗಿದ್ದವು.

"ಫೋನಿನ ಬಾಯಾರು ಬಂದ್ರು," ಎಂದ. "ಒಂದ ರಿಂಗ್ ಕೊಡ್ರಿ, ಕಳ್ಳ ಹಲೋ ಅಂತಾನೇನು ನೋಡೂಣು."

"ಕೊಡೂಣಂತ," ಎಂದರು ಗೋದುಬಾಯಿ. "ಮಲಕಪ್ಪನ ಮ್ಯಾಲ ಯಾಕ ಸಂಶೆ ನಿನಗ?"

"ಹಿಂದಿನ ಕಿಡಕಿ ಚಿಲಕದ ಗುಟ್ಟು ಅವಗ ಒಬ್ಬಗ ಗೊತ್ತು. ಸೋಮವಾರ ಸಂಜಿಮುಂದ ಇಲ್ಲೇ ಅಂಗಡಿ ಮುಂದ ನಿಂತಿದ್ದ. ಕೆಲಸಾ ಹೋದ ಸಿಟ್ಟು ಬ್ಯಾರೆ."

ಮಹಾಬಳೇಶ್ವರ ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿದ್ದ. ಸದಾ ಇಸ್ತ್ರಿಯ ಅಂಗಿ ತೊಡುವ ಮನುಷ್ಯ ಅಂದು ಗಡ್ಡ ಸಹ ಬೋಳಿಸಿರಲಿಲ್ಲ. ಸೋಮಪ್ಪನ ಮಾತಿಗೆ ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಕಿಟಕಿಯ ಚಿಲಕ ಮೊಳೆಸಹಿತ ಕಿತ್ತು ನೇತಾಡುತ್ತಿತ್ತು. ಕತ್ತಲೆ ಕೋಣೆಯಲ್ಲಿ ತೊಳೆಯುವ ತಟ್ಟೆಗಳು ಒಣಗಿ ಅವುಗಳಲ್ಲಿ ಜೇಡ ಬಲೆ ಕಟ್ಟಿತ್ತು. ಶೆಲ್ಫಿನ ಮೇಲೆ ಕಪ್ಪು ತಗಡಿನ ಪೆಟ್ಟಿಗೆಯೊಂದಿತ್ತು. ನಾನು ಅದರ ಮುಚ್ಚಳಕ್ಕೆ ಕೈ ಹಾಕಿದೆ.

"ಮಾಸ್ತರ್ರ, ಅದನ್ನ ತೆಗೀಬ್ಯಾಡ್ರಿ," ಎಂದ ಮಹಾಬಳೇಶ್ವರ. "ಫೋಟೋ ಕಾಗದ ಅದಾವ. ಬೆಳಕ ಬಿದ್ರ ಕೆಟ್ಟು ಹೋಗ್ತಾವ."

ನಾನು ಕೈ ಹಿಂತೆಗೆದೆ.

"ನನಗೂ ಹಂಗ ಹೇಳಿದ್ರು," ಎಂದ ಸೋಮಪ್ಪ. "ಅದೊಂದ ಬಿಟ್ಟು ಇಲ್ಲೆಲ್ಲಾ ಹುಡುಕೀನಿ."

ಅಷ್ಟರಲ್ಲಿ ಹುಬ್ಬಳ್ಳಿಯ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ದಪ್ಪ ಲಕೋಟೆಯೊಂದನ್ನು ಕೊಟ್ಟು ಹೋದ. ಕಲರ್ ಲ್ಯಾಬಿಗೆ ರೀಲು ಹೋಗುತ್ತಿದ್ದುದೂ ಫೋಟೋ ಬರುತ್ತಿದ್ದುದೂ ಮೊದಲಿನಿಂದ ಆ ಬಸ್ಸಿನಲ್ಲಿಯೇ. ಮಹಾಬಳೇಶ್ವರ ಅದನ್ನು ಒಡೆಯದೆ ಖಾನೆಯಲ್ಲಿ ತುರುಕಿದ.

"ಯಾರ ಫೋಟೋ?" ಎಂದು ಗೋದುಬಾಯಿ ಕೇಳಿದರು.

"ಅಂಬಿಕಾನಗರದ ಮದುವಿದು. ಭಾನುವಾರ ತೆಗದದ್ದು."

"ಹೊಸಾ ಕ್ಯಾಮರಾದಾಗ?"

"ಹೌದ್ರಿ."

"ಛಲೋ ಆತು. ಅವಾದ್ರೂ ಉಳದ್ವು," ಎಂದು ಅವರು ಹೊರಗೆ ಬಂದರು.

ಅಲ್ಲಿಂದ ಮಲಕಪ್ಪನ ಮನೆಗೆ ಹೋದೆವು. ಗೋಡೆಯ ಮೇಲೆ ಅವನದೇ ಒಂದು ದೊಡ್ಡ ಕಪ್ಪು-ಬಿಳುಪು ಫೋಟೋ ಇತ್ತು. ಅದರ ಕೆಳಗೆ ಅವನು ಅಪರಾಧಿಯಂತೆ ಕುಳಿತಿದ್ದ.

"ಸೋಮವಾರ ಸಂಜಿಮುಂದ ಅಲ್ಲಿ ಯಾಕ ನಿಂತಿದ್ದಿ?"

"ಸುಮ್ನ ರೀ. ಕಾಲು ಅಲ್ಲಿಗೇ ಒಯ್ತಾವ."

"ಆ ಕಿಡಕಿ ಹೆಂಗ ತೆಗೀತಿದ್ದಿ?"

"ಚಿಲಕ ಸಡ್ಲ ಐತಿ. ಹೊರಗಿಂದ ಬಾಗಲಾ ಎತ್ತಿ ದಬ್ಬಿದ್ರ ಸಾಕು. ಸದ್ದ ಸೈತ ಆಗೂದಿಲ್ಲ."

"ಈ ಫೋಟೋ ಛಂದ ಐತಿ. ಯಾರು ತೆಗದ್ರು?"

"ಸಾಹೇಬ್ರು. ಕೆಲಸಾ ಬಿಡೂ ದಿನ. ಫೋಟೋ ಕಾಗದದ ಡಬ್ಬ್ಯಾಗ ಕಡೀದೊಂದು ಹಾಳಿ ಉಳದಿತ್ತು. ಇದು ನಿಂದ ಇರಲಿ ಅಂತ ಮಾಡಿ ಕೊಟ್ರು." ಅವನು ಫೋಟೋದತ್ತ ನೋಡಿದ. "ಅವರು ಕೆಟ್ಟವರಲ್ಲರಿ."

ಮರಳುವಾಗ ಗೋದುಬಾಯಿಯವರು ಎಸ್‌ಟಿಡಿ ಬೂತಿನೊಳಗೆ ಹೋಗಿ ಹುಬ್ಬಳ್ಳಿಗೆ ಒಂದು ಫೋನು ಮಾಡಿದರು. ಹೊರಬಂದಾಗ ಅವರ ಮುಖದಲ್ಲಿ ಗೆಲುವಿರಲಿಲ್ಲ. "ಮಾಸ್ತರ್ರ, ಈ ಗಂಟು ಬಿಡಸಬಾರದಿತ್ತು ಅನಸ್ತದ," ಎಂದರು. "ಆದ್ರ ಸತ್ತೆವ್ವನ ಮನಿ ಉಳೀಬೇಕಲ್ಲ."

ಗುರುವಾರ ಮುಂಜಾನೆ ಅವರು ಎಲ್ಲರನ್ನೂ ಸ್ಟುಡಿಯೋದ ಹಿತ್ತಲಿಗೆ ಕರೆಸಿದರು. ಅಲ್ಲಿ ಬಿಸಿಲು ಬಿದ್ದಿತ್ತು. ಸೋಮಪ್ಪ, ಶಿವವ್ವ ಒಂದು ಕಡೆ. ಮಲಕಪ್ಪ, ಸತ್ತೆವ್ವ ಇನ್ನೊಂದು ಕಡೆ. ಮಹಾಬಳೇಶ್ವರ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಕತ್ತಲೆ ಕೋಣೆಯ ತಗಡಿನ ಪೆಟ್ಟಿಗೆಯನ್ನು ನಾನು ಗೋದುಬಾಯಿಯವರ ಮಾತಿನಂತೆ ಎತ್ತಿ ತಂದು ಕಲ್ಲಿನ ಮೇಲೆ ಇಟ್ಟೆ. ಅದರ ತೂಕ ನನಗೆ ಕಾಗದದ ತೂಕವೆನಿಸಲಿಲ್ಲ.

"ಸೋಮಪ್ಪ," ಎಂದರು ಗೋದುಬಾಯಿ, "ಚಿಲಕದ ಗುಟ್ಟು ಗೊತ್ತಿತ್ತಂತ ಮಲಕಪ್ಪನ ಮ್ಯಾಲ ಹಾಕಿದಿ. ಗುಟ್ಟು ಗೊತ್ತಿದ್ದಾವ ಎತ್ತಿ ದಬ್ಬತಾನ. ಕಿತ್ತಾಂವ ಯಾರು? ಗುಟ್ಟು ಗೊತ್ತಿಲ್ಲದಾವ, ಇಲ್ಲಾ ಕಳವು ಆಗೇದ ಅಂತ ಮಂದಿಗೆ ಕಾಣಬೇಕು ಅನ್ನಾಂವ."

ಸೋಮಪ್ಪ ಕಿಟಕಿಯ ಕಡೆ ನೋಡಿದ.

"ಇನ್ನ ಫೋಟೋದ ಮಾತು. ಕಾರ್ಡು ಒಂದ ಐತಿ. ಪೇಟಿ ಮಂದಿಗೆಲ್ಲಾ ಇವರ ತೋರ್ಸ್ಯಾರ. ಭಾನುವಾರ ಅಂಬಿಕಾನಗರದ ಮದುವಿ ಅದರಾಗ ತೆಗದ್ರು. ನಿನ್ನೆ ಆ ಮದುವಿ ಫೋಟೋ ಹುಬ್ಬಳ್ಳಿಂದ ಬಂದ್ವು. ಅಂದ್ರ ಕಾರ್ಡು ಹುಬ್ಬಳ್ಳಿಗೆ ಹೋಗಿರಬೇಕು. ನಾ ಲ್ಯಾಬಿಗೆ ಫೋನ್ ಮಾಡಿ ಕೇಳಿದೆ. ಸೋಮವಾರ ಮುಂಜಾನಿ ಬಸ್ಸಿಗೆ ಹೋಗಿತ್ತು, ಬುಧವಾರ ಫೋಟೋದ ಜೋಡಿ ತಿರುಗಿ ಬಂತು. ಸೋಮವಾರ ಮಧ್ಯಾನ ಗುರುಸಿದ್ದವ್ವನ ಮುಂದ ಹಿಡಿದ ಕ್ಯಾಮರಾದಾಗ ಏನಿತ್ತು?"

ಲೆಕ್ಕ ಅಷ್ಟೇ ಸರಳವಾಗಿತ್ತು. ಕಾರ್ಡು ಒಂದು, ಊರು ಎರಡು.

"ಆ ಕ್ಯಾಮರಾ ಸಿಕ್ಕು, ಅದರ ಕಾರ್ಡಿನ ಮುಚ್ಚಳಾ ತೆರದ್ರ, ನಾಚಿಗಿ ಆಗೂದು ಒಬ್ಬರಿಗೇ. ಅದು ಕಾಣಸಬಾರದು ಅಂತ ಇಡಾಕ ಎಲ್ಲಿ ಜಾಗ? ತಟ್ಟಿ ಒಣಗಿ ವರ್ಷ ಆತು, ಕಡೀ ಹಾಳಿ ಮಲಕಪ್ಪನ ಗ್ವಾಡಿಮ್ಯಾಲ ಐತಿ. ಆದ್ರೂ ಬೆಳಕಿಗೆ ತೆಗೀಬ್ಯಾಡ್ರಿ ಅನ್ನೂ ಕಾಗದ ಈ ಪೆಟಿಗ್ಯಾಗ ಐತಂತ. ಮಹಾಬಳೇಶ್ವರ, ನೀವ ತೆಗೀರಿ."

ಅವನು ಬಂದು ಮೊಣಕಾಲೂರಿ ಮುಚ್ಚಳ ತೆರೆದ. ಒಳಗೆ ಕಪ್ಪು ಬಟ್ಟೆಯಲ್ಲಿ ಸುತ್ತಿದ ಕ್ಯಾಮರಾ ಇತ್ತು.

"ರೀಲು ಕಳಿಸಿದಂಗ ಕಾರ್ಡು ಕಳಿಸಿಬಿಟ್ಟೆ," ಎಂದ. ಅವನ ದನಿ ನೆಲಕ್ಕೆ ಹೇಳುವಂತಿತ್ತು. "ಮೂವತ್ತು ವರ್ಷದ ರೂಢಿ. ರೀಲು ಹೋದ್ರ ಇನ್ನೊಂದು ರೀಲು ಇರ್ತಿತ್ತು. ಸಾವಿನ ಮನಿ ಅಂದ್ರ ಅವಸರ ಮಾಡ್ತಾರ, ಚೀಲಾ ಹಾಕ್ಕೊಂಡು ಓಡಿದೆ. ಹಳೀ ಕ್ಯಾಮರಾದಾಗ ರೀಲ ಇಲ್ದಿದ್ರ ಸುತ್ತೂ ಗುಂಡಿ ಸಡ್ಲ ತಿರಗತೈತಿ, ಬೆರಳಿಗೆ ಗೊತ್ತಾಗ್ತೈತಿ. ಇದರಾಗ ಬೆರಳಿಗೆ ಏನೂ ಗೊತ್ತಾಗೂದಿಲ್ಲ. ಹೊಡದಾಗೆಲ್ಲಾ ಪರದಿಮ್ಯಾಲ ಚಿತ್ರ ಬಂತು. ಬಂತಂದ್ರ ಉಳೀತು ಅಂತ ತಿಳದೆ. ಸಂಜಿಗೆ ಕಾರ್ಡಿನ ಮುಚ್ಚಳಾ ತೆರದ್ರ ಖಾಲಿ."

"ಅವತ್ತ ಹೇಳಬಹುದಿತ್ತಲ್ಲ," ಎಂದೆ ನಾನು.

"ಮಗಳು ಬಂದು ಬಾಗಲಾಗ ನಿಂತಿದ್ಲರಿ. ಅವ್ವನ ಫೋಟೋ ಯಾವಾಗ ಕೊಡ್ತೀರಿ ಅಂದ್ಲು. ಇದೊಂದ ಸಾಕು ಅಂತ ಊರ ತುಂಬ ಹೇಳಿದ ಬಾಯಿ. ಯಾವ ಮಾರಿಲೆ ಹೇಳಲಿ?" ಅವನು ಮಲಕಪ್ಪನತ್ತ ನೋಡಲು ಯತ್ನಿಸಿ ಅರ್ಧಕ್ಕೆ ನಿಲ್ಲಿಸಿದ. "ಮಲಕಪ್ಪನ ಹೆಸರು ನಾ ಹೇಳಲಿಲ್ಲ."

"ಅಲ್ಲ ಅಂತನೂ ಹೇಳಲಿಲ್ಲ," ಎಂದರು ಗೋದುಬಾಯಿ.

ಸೋಮಪ್ಪ ಮಲಕಪ್ಪನ ಮುಂದೆ ಹೋಗಿ ನಿಂತ. ಎರಡೂ ಕೈ ಮುಗಿದ. ಮಲಕಪ್ಪ, "ಇರಲಿ ಬಿಡೋ, ನಿಂದು ಹೊಟ್ಟಿ ಸಂಕಟ," ಎಂದ. ಸತ್ತೆವ್ವ ಇರಲಿ ಬಿಡು ಎನ್ನಲಿಲ್ಲ. ಆಕೆ ಕಲ್ಲಿನ ಮೇಲಿನ ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

"ನಮ್ಮ ಮನ್ಯಾಗ ಉಪ್ಪಿನ ಡಬ್ಬಿ ಸೈತ ಓಣಿಗೆ ತಂದು ತೆಗದ್ರಿ," ಎಂದಳು. "ಇದನ್ನ ಮಾತ್ರ, ತೆಗೀಬ್ಯಾಡ್ರಿ ಅಂದಕೂಡ್ಲೆ ಬಿಟ್ರಿ."

ಆ ಮಾತಿಗೆ ಹಿತ್ತಲಿನಲ್ಲಿದ್ದ ಗಂಡಸರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಮುಚ್ಚಳದಿಂದ ಕೈ ಹಿಂತೆಗೆದವರಲ್ಲಿ ನಾನೂ ಒಬ್ಬ.

ಶಿವವ್ವ ಮಹಾಬಳೇಶ್ವರನ ಹತ್ತಿರ ಬಂದು ಕೇಳಿದಳು: "ಕಡೀಗೆ ಅಷ್ಟು ಹೊತ್ತು ಎದುರಿಗೆ ನಿಂತು ನೋಡಿದವರು ನೀವು. ಅವ್ವ ಹೆಂಗ ಕಾಣತಿದ್ಲು ಅಷ್ಟ ಹೇಳ್ರಿ, ಸಾಕು."

"ಹಸರು ಸೀರಿ ಇತ್ತವ್ವಾ," ಎಂದ ಅವನು. "ಹಣಿಗೆ ವಿಭೂತಿ. ಚೆಂಡುಹೂವಿನ ಮಾಲಿ, ಎಡಕ ಸ್ವಲ್ಪ ಜಾರಿತ್ತು, ನಾನ ಸರಿಮಾಡಿದೆ."

"ಮಾರಿ?"

ಅವನ ಕೈಗಳು ಕ್ಯಾಮರಾದ ಬಟ್ಟೆಯನ್ನು ಮಡಚಿ ಬಿಚ್ಚಿ ಮಡಚಿದವು.

"ಮಾರಿ ನೆನಪಿಲ್ಲ," ಎಂದ. "ಫೋಟೋ ಇರ್ತೈತಲ್ಲ ಅಂತ, ನಾ ನೋಡಲಿಲ್ಲ."

ಶಿವವ್ವ ನಿಂತಲ್ಲಿಯೇ ಕುಳಿತುಬಿಟ್ಟಳು. ಸೋಮಪ್ಪ ಗೋಡೆಯ ಕಡೆ ತಿರುಗಿದ. ಆಗ ಸತ್ತೆವ್ವ ಹೋಗಿ ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಆಕೆಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ನಾ ಹೇಳ್ತೇನಿ, ಕೇಳು. ಮಾರಿಗೆ ನೀರು ಹಾಕಿ ಒರಸಿದ ಕೈ ಇದು," ಎಂದಳು. "ಹುಬ್ಬಿನ ಗಂಟು ಬಿಚ್ಚಿತ್ತು. ನಿನ್ನ ಸಣ್ಣ ಮಕ್ಕಳ ಮ್ಯಾಲ ಸಿಟ್ಟಾಗಿ ಆಮ್ಯಾಲ ನಗೂ ಮುಂದ ಬಾಯಿ ಒಂದ ಕಡೆ ಸೊಟ್ಟ ಮಾಡ್ತಿದ್ಲಲ್ಲ, ಹಂಗ ಇತ್ತು."

ಗೋದುಬಾಯಿಯವರು ನನಗೆ ಸನ್ನೆ ಮಾಡಿದರು, ನಾವು ಹೊರಟೆವು. ಗಂಡಸರು ಇನ್ನೂ ನಿಂತೇ ಇದ್ದರು. ಕಲ್ಲಿನ ಮೇಲೆ ಆ ಪೆಟ್ಟಿಗೆ ಬಾಯಿ ತೆರೆದು ಬಿಸಿಲಿನಲ್ಲಿ ಬಿದ್ದಿತ್ತು. ಅದನ್ನು ಮುಚ್ಚಲು ಯಾರೂ ಮುಂದೆ ಬರಲಿಲ್ಲ.